ಯಾರ ದುಡ್ಡಿನ ಶಾಯಿ?

ಧಾರವಾಡದ ಓದುಗರೊಬ್ಬರು ಬರೆದಿದ್ದಾರೆ: ‘ಡಮಾಸ್ಕಸ್‌ನ ಕುರ್ದಿ ಭಾಷೆಯ ಪತ್ರಿಕೆ ರೊನಾಹಿಯನ್ನು ಕಳೆದ ಸಂಚಿಕೆಯಲ್ಲಿ ಹಾಡಿ ಹೊಗಳಿದ್ದೀರಿ. ಅದು ಎರಡನೇ ಮಹಾಯುದ್ಧದಲ್ಲಿ ಮಿತ್ರರಾಷ್ಟ್ರಗಳ ತುತ್ತೂರಿಯಾಗಿತ್ತು. ಇದನ್ನು ಭಾಷಾಸೇವೆ ಅನ್ನಬಹುದೇ?’

ತುತ್ತೂರಿ ಹೌದು, ಇಲ್ಲವೆನ್ನಲಾರೆ. 1941ರಲ್ಲಿ ಸಿರಿಯಾ ಜರ್ಮನಿಯ ಜೊತೆ ಕೈಜೋಡಿಸಿದ್ದ ಫ್ರಾನ್ಸಿನ ವಿಶಿ ಆಡಳಿತದ ಕೈತಪ್ಪಿ ಬ್ರಿಟಿಷರ ಮತ್ತು ಅದನ್ನು ಒಪ್ಪದ ಜನರಲ್ ದ ಗಾಲ್ ಕಡೆಯ ಫ್ರೆಂಚರ ಹಿಡಿತಕ್ಕೆ ಬಂತು. ಮರುವರ್ಷ ಏಪ್ರಿಲ್‌ನಲ್ಲಿ ರೊನಾಹಿ ಹೊರಟಿತು. ಯುದ್ಧದ ಸುದ್ದಿ, ಯುದ್ಧದ ಚಿತ್ರ. ಯಾರ ಪರ ಎಂಬುದೇನೂ ಗುಟ್ಟಾಗಿರಲಿಲ್ಲ.

ಆದರೆ ಸ್ವಾಮಿ, ಪತ್ರಿಕೆ ನಡೆಸಿದವರು ಯಾರು ನೋಡಿ. ಜಲಾದತ್ ಅಲಿ ಬೆದಿರ್‌ಖಾನ್ ಇಸ್ತಾಂಬುಲಿನಲ್ಲಿ ಹುಟ್ಟಿ, ಊರು ಬಿಟ್ಟು ಬಂದವರು. ಅದೇ ಡಮಾಸ್ಕಸ್‌ನಲ್ಲಿ 1932ರ ಮೇ 15ರಂದೇ ‘ಹವಾರ್’ ಪತ್ರಿಕೆ ಶುರುಮಾಡಿದ್ದರು. ಅದರ ಮೊದಲ 23 ಸಂಚಿಕೆಗಳಲ್ಲಿ ಅರಬ್ಬಿ ಲಿಪಿಯೂ ಇದೆ, ಲ್ಯಾಟಿನ್ ಲಿಪಿಯೂ ಇದೆ; 24ರಿಂದ ಲ್ಯಾಟಿನ್ ಮಾತ್ರ. ಓದುಗರನ್ನು ಒಂದು ದಡದಿಂದ ಇನ್ನೊಂದು ದಡಕ್ಕೆ ದಾಟಿಸಲು ಇಷ್ಟು ತಾಳ್ಮೆ ತೋರಿದ ಸಂಪಾದಕರು ಎಷ್ಟು ಮಂದಿ? ಇಂದು ಕುರ್ದಿಯ ಮುಖ್ಯ ಉಪಭಾಷೆಯಾದ ಕುರ್ಮಾಂಜಿ ಬರೆಯುವ ಬಹುತೇಕರ ಕೈಯಲ್ಲಿರುವುದು ಆ ಲ್ಯಾಟಿನ್ ಅಕ್ಷರಗಳೇ. 1935ರಲ್ಲಿ ನಿಂತಿದ್ದ ಹವಾರ್ ಯುದ್ಧಕಾಲದಲ್ಲಿ ಮತ್ತೆ ಉಸಿರಾಡಿತು, ರೊನಾಹಿ ಅದರ ಸಚಿತ್ರ ಪುರವಣಿಯಾಗಿ ಹುಟ್ಟಿತು. ಜಲಾದತರ ತಮ್ಮ ಕಾಮುರಾನ್ 1943ರಲ್ಲಿ ಬೈರೂತಿನಿಂದ ‘ರೋಜಾ ನೂ’ ಪತ್ರಿಕೆ ತಂದರು. ದೊರೆಗಳಿಗೆ ಬೇಕಿದ್ದದ್ದು ಪ್ರಚಾರ. ಅಣ್ಣತಮ್ಮಂದಿರು ಅದರ ಬೆನ್ನೇರಿ ತಮ್ಮ ಕಾಗುಣಿತವನ್ನು ಮನೆಮನೆಗೆ ಕಳಿಸಿದರು. 1945ರಲ್ಲಿ, 28 ಸಂಚಿಕೆಗೆ, ರೊನಾಹಿ ನಿಂತಿತು. ಗಡಿಯಾಚೆ ತುರ್ಕಿಯಲ್ಲಂತೂ 1983ರಿಂದ 1991ರವರೆಗೆ ಕುರ್ದಿಯಲ್ಲಿ ಅಚ್ಚು ಹಾಕುವುದೇ ಕಾನೂನಿನ ಪ್ರಕಾರ ಅಪರಾಧ.

ಮಡಿವಂತಿಕೆ ಮಾಡುವುದಾದರೆ ನಮ್ಮ ‘ಮಂಗಳೂರ ಸಮಾಚಾರ’ವನ್ನೂ ಹೊರಗಿಡಬೇಕಾದೀತು. 1843ರಲ್ಲಿ ಕಲ್ಲಚ್ಚಿನಲ್ಲಿ ಅದನ್ನು ಹೊರಡಿಸಿದ ಮೋಗ್ಲಿಂಗ್ ಬಂದದ್ದು ಕನ್ನಡ ಸೇವೆಗಲ್ಲ, ಧರ್ಮಪ್ರಚಾರಕ್ಕೆ.

ನಿಮ್ಮಂಥ ಓದಿದವರೇ ಹೀಗೆ ಕೇಳಿದರೆ ಹೇಗೆ? ನಮಗೆ ನಿಷೇಧವಿಲ್ಲ, ಗಡೀಪಾರಿಲ್ಲ. ನವೆಂಬರ್ ಬಂದರೆ ಬಾವುಟ, ಆರ್ಕೆಸ್ಟ್ರಾ, ಪೆಂಡಾಲು. ಚಂದಾ ಕೇಳಿದರೆ ‘ಪಿಡಿಎಫ್ ಇದ್ರೆ ಕಳಿಸಿ ಸಾರ್’. ಮೊನ್ನೆ ಹಾಗೆಂದವರು ಕನ್ನಡದ ಮೇಷ್ಟ್ರು. ನಮ್ಮ ಶಾಯಿಯ ದುಡ್ಡಂತೂ ಒಂದು ಅಕ್ಕಿ ಗಿರಣಿ ಮತ್ತು ಎರಡು ಜವಳಿ ಅಂಗಡಿಗಳದ್ದು. ಅವರೂ ಈ ಸಲ ದೀಪಾವಳಿ ಸಂಚಿಕೆಗೆ ಅರ್ಧ ಪುಟ ಸಾಕು ಎಂದಿದ್ದಾರೆ.

— ಸಂಪಾದಕ