ಜಾಸ್ತಿ ಖರ್ಚು ಮಾಡಿದ ದೇಶ ಜಾಸ್ತಿ ಬದುಕುತ್ತದೆಯೇ?

ಪ್ರಶ್ನೆ: ಮೇಡಂ, ನಾನು ಬಸವನಗುಡಿಯ ನಿವೃತ್ತ ಹೈಸ್ಕೂಲ್ ಮೇಷ್ಟ್ರು. ನಮ್ಮ ಅಳಿಯಂದಿರು ನ್ಯೂಜೆರ್ಸಿಯಲ್ಲಿದ್ದಾರೆ. ಮೊನ್ನೆ ಬಂದಾಗ ಊಟಕ್ಕೆ ಕೂತ ಹೊತ್ತಿನಲ್ಲಿ ಒಂದು ವಾದ ಶುರುವಾಯಿತು. ಪ್ರಪಂಚದಲ್ಲೇ ಆರೋಗ್ಯಕ್ಕೆ ಅತಿ ಹೆಚ್ಚು ಖರ್ಚು ಮಾಡುವುದು ಅಮೆರಿಕ, ಆದರೆ ಅಲ್ಲಿನವರ ಆಯಸ್ಸು ಜಪಾನಿನವರಿಗಿಂತ ಕಡಿಮೆ, ಅಂದರೆ ದುಡ್ಡೆಲ್ಲ ದಂಡ ಎಂದು ನಾನು ಪತ್ರಿಕೆಯಲ್ಲಿ ಓದಿದ್ದನ್ನು ಹೇಳಿದೆ. ಅವರು ಒಪ್ಪಲಿಲ್ಲ. 'ಕ್ಯಾನ್ಸರ್ ಬಂದರೆ ಬದುಕಿ ಉಳಿಯೋದು ಅಮೆರಿಕದಲ್ಲೇ ಮಾವ, ಆ ಅಂಕಿಯನ್ನು ನಿಮ್ಮ ಪೇಪರ್ ಯಾಕೆ ಹಾಕಲ್ಲ?' ಅಂದರು. ಇಬ್ಬರ ಕೈಯಲ್ಲೂ ಅಂಕಿ ಇದೆ. ಯಾರ ಮಾತು ಸರಿ?

ಉತ್ತರ: ಮೇಷ್ಟ್ರೇ, ನೀವು ಹೇಳಿದ ಅಂಕಿ ಸರಿಯಾಗಿದೆ. 2023 ರಲ್ಲಿ ಅಮೆರಿಕ ತನ್ನ ಜಿಡಿಪಿಯಲ್ಲಿ, ಅಂದರೆ ದೇಶದ ಒಟ್ಟು ವಾರ್ಷಿಕ ಉತ್ಪನ್ನದಲ್ಲಿ, 100 ಕ್ಕೆ 17.6 ರಷ್ಟನ್ನು ಆರೋಗ್ಯಕ್ಕೆ ಸುರಿಯಿತು. ತಲೆಗೆ 14,570 ಡಾಲರ್. ಆ ವರ್ಷ ಅಲ್ಲಿನ ಸರಾಸರಿ ಆಯಸ್ಸು 78.4 ವರ್ಷ. ಜಪಾನ್ ತನ್ನ ಜಿಡಿಪಿಯಲ್ಲಿ 100 ಕ್ಕೆ ಸುಮಾರು 11 ರಷ್ಟು ಖರ್ಚು ಮಾಡುತ್ತದೆ, ಅಲ್ಲಿನ ಆಯಸ್ಸು 84 ರ ಆಸುಪಾಸು. ಇಷ್ಟಕ್ಕೆ ಯಾರ ತಕರಾರೂ ಇಲ್ಲ. ತಕರಾರು ಇರುವುದು 'ಅಂದರೆ' ಅನ್ನುವ ಪದದಲ್ಲಿ. 'ಖರ್ಚು ಜಾಸ್ತಿ, ಆಯಸ್ಸು ಕಡಿಮೆ, ಅಂದರೆ ದುಡ್ಡು ದಂಡ' ಎಂದು ಬರೆದವರು ಆ 'ಅಂದರೆ'ಯನ್ನು ತಮ್ಮ ಕೈಯಿಂದ ಹಾಕಿದ್ದಾರೆ. ಅಂಕಿ ಅದನ್ನು ಹೇಳಿಲ್ಲ.

ನಿಮ್ಮ ಬೀದಿಯನ್ನೇ ನೋಡಿ. ಮೆಡಿಕಲ್ ಶಾಪಿಗೆ ಅತಿ ಹೆಚ್ಚು ದುಡ್ಡು ಕೊಡುವ ಮನೆ ಯಾವುದು? ಕಾಯಿಲೆಯವರು ಇರುವ ಮನೆ ಅಲ್ವಾ? ಔಷಧಿಯ ಬಿಲ್ ನೋಡಿಕೊಂಡು 'ಮಾತ್ರೆ ತಿಂದೇ ಇವರಿಗೆ ಕಾಯಿಲೆ ಬಂತು' ಎಂದು ಯಾರೂ ಹೇಳುವುದಿಲ್ಲ. ದೇಶದ ವಿಷಯ ಬಂದಾಗ ಮಾತ್ರ ಈ ಸಾಮಾನ್ಯ ಜ್ಞಾನ ನಮಗೆ ಮರೆತುಹೋಗುತ್ತದೆ.

ಅಮೆರಿಕದ ಆಯಸ್ಸನ್ನು ಕೆಳಗೆ ಎಳೆಯುವುದು ಏನೇನು ಎಂದು ನೋಡೋಣ. 2021 ರಿಂದ 2023 ರವರೆಗೆ ಅಲ್ಲಿ ಪ್ರತಿ ವರ್ಷ ಒಂದು ಲಕ್ಷಕ್ಕೂ ಹೆಚ್ಚು ಜನ ನೋವು ನಿವಾರಕ ಮತ್ತು ಮಾದಕ ವಸ್ತು ಮಿತಿಮೀರಿ ಸತ್ತಿದ್ದಾರೆ. ಗುಂಡೇಟಿಗೆ ವರ್ಷಕ್ಕೆ ಸುಮಾರು 47 ಸಾವಿರ. ರಸ್ತೆ ಅಪಘಾತಕ್ಕೆ ಸುಮಾರು 40 ಸಾವಿರ. ಇವರಲ್ಲಿ ಬಹಳ ಮಂದಿ ನಡುವಯಸ್ಸು ದಾಟದವರು. 80 ರ ಅಜ್ಜಿ ತೀರಿಕೊಂಡರೆ ದೇಶದ ಸರಾಸರಿ ಅಷ್ಟೇನೂ ಅಲುಗುವುದಿಲ್ಲ. 30 ರ ಹುಡುಗ ಹೋದರೆ ಒಂದೇ ಏಟಿಗೆ 50 ವರ್ಷ ಕಳೆದುಹೋಗುತ್ತದೆ. ಇದರ ಮೇಲೆ ದೊಡ್ಡವರಲ್ಲಿ 100 ಕ್ಕೆ ಸುಮಾರು 40 ಮಂದಿಗೆ ಬೊಜ್ಜಿದೆ. ಇದರಲ್ಲಿ ಹೆಚ್ಚಿನದನ್ನು ಆಪರೇಷನ್ ಥಿಯೇಟರಿನೊಳಗೆ ತಡೆಯಲು ಆಗುವುದಿಲ್ಲ. ಒಂದನ್ನು ಮಾತ್ರ ಬಿಡಬಾರದು. ಆ ಮಾದಕ ವಸ್ತುವಿನ ಚಟ ಎಷ್ಟೋ ಜನರಿಗೆ ಹತ್ತಿದ್ದು ಡಾಕ್ಟರು ಬರೆದುಕೊಟ್ಟ ನೋವಿನ ಮಾತ್ರೆಯಿಂದಲೇ. ಅಷ್ಟರ ಮಟ್ಟಿಗೆ ಆಸ್ಪತ್ರೆಯ ಮೇಲೂ ಹೊಣೆ ಇದೆ.

ಹಾಗಾದರೆ ಅಷ್ಟೊಂದು ದುಡ್ಡು ಹೋಗುವುದು ಎಲ್ಲಿಗೆ? ಅಮೆರಿಕದವರು ಸುಮ್ನೆ ಡಾಕ್ಟರ ಹತ್ತಿರ ಓಡುತ್ತಾರೆ ಎಂದುಕೊಳ್ಳಬೇಡಿ. ಜಪಾನಿನಲ್ಲಿ ಒಬ್ಬರು ವರ್ಷಕ್ಕೆ 11–12 ಸಲ ಡಾಕ್ಟರಿಗೆ ತೋರಿಸಿಕೊಳ್ಳುತ್ತಾರೆ. ಅಮೆರಿಕದಲ್ಲಿ 3–4 ಸಲ ಅಷ್ಟೇ. ಅಲ್ಲಿ ಜಾಸ್ತಿ ಇರುವುದು ರೇಟು. ಅದೇ ಸ್ಕ್ಯಾನ್, ಅದೇ ಇನ್ಸುಲಿನ್, ಅದೇ ಆಪರೇಷನ್, ಬೆಲೆ ಮಾತ್ರ ಬೇರೆ ಶ್ರೀಮಂತ ದೇಶಗಳಿಗಿಂತ ಬಹಳ ಮೇಲೆ. ಇನ್ಶೂರೆನ್ಸ್ ಕಂಪನಿಗಳ ಕಾಗದಪತ್ರದ ಖರ್ಚು ಅದಕ್ಕೆ ಸೇರುತ್ತದೆ. ಇಷ್ಟೆಲ್ಲ ಸುರಿದ ಮೇಲೂ 2023 ರಲ್ಲಿ ಸುಮಾರು 2.6 ಕೋಟಿ ಜನಕ್ಕೆ ಯಾವ ವಿಮೆಯೂ ಇರಲಿಲ್ಲ. ಆದ್ದರಿಂದ ನಿಮ್ಮ ಪತ್ರಿಕೆ ಹೇಳಿದ 'ದಂಡ'ದಲ್ಲಿ ನಿಜ ಇದೆ. ಆದರೆ ಆಯಸ್ಸಿನ ಅಂಕಿಯಿಂದ ಅದು ಸಾಬೀತಾಗುವುದಿಲ್ಲ. ಬೆಲೆಯ ಪಟ್ಟಿಯಿಂದ ಆಗುತ್ತದೆ.

ಇನ್ನು ನಿಮ್ಮ ಅಳಿಯಂದಿರ ಕ್ಯಾನ್ಸರ್ ಅಂಕಿಗೆ ಬರೋಣ. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಏಕೆಂದರೆ ಓದಿಕೊಂಡವರೇ ಇಲ್ಲಿ ಜಾಸ್ತಿ ಎಡವುತ್ತಾರೆ.

2007 ರಲ್ಲಿ ನ್ಯೂಯಾರ್ಕಿನ ಮಾಜಿ ಮೇಯರ್ ರೂಡಿ ಜೂಲಿಯಾನಿ ಅಧ್ಯಕ್ಷ ಚುನಾವಣೆಗೆ ಅಭ್ಯರ್ಥಿಯಾಗಲು ಓಡಾಡುತ್ತಿದ್ದರು. ಅವರಿಗೂ ಪ್ರಾಸ್ಟೇಟ್ (ಗಂಡಸರಲ್ಲಿ ಮೂತ್ರಕೋಶದ ಕೆಳಗಿರುವ ಗ್ರಂಥಿ) ಕ್ಯಾನ್ಸರ್ ಬಂದು ವಾಸಿಯಾಗಿತ್ತು. 'ಅಮೆರಿಕದಲ್ಲಿ ನನಗೆ ಬದುಕುವ ಅವಕಾಶ 100 ಕ್ಕೆ 82 ಇತ್ತು, ಇಂಗ್ಲೆಂಡಿನಲ್ಲಿ ಆಗಿದ್ದರೆ 44 ಮಾತ್ರ' ಎಂಬ ಅರ್ಥದ ಮಾತನ್ನು ಅವರು ರೇಡಿಯೋ ಜಾಹೀರಾತಿನಲ್ಲಿ ಹೇಳಿದರು. ಕೇಳಿದವರಿಗೆ ಎದೆ ಝಲ್ ಎನ್ನುವಂಥ ಅಂಕಿ. ಲೆಕ್ಕ ಬಲ್ಲವರು ಮತ್ತು ಕೆಲವು ಪತ್ರಕರ್ತರು ಮೂಲ ಹುಡುಕಿದಾಗ ಬೇರೆಯೇ ಸಂಗತಿ ಕಂಡಿತು. 44 ಅನ್ನುವ ಸಂಖ್ಯೆಯನ್ನು ಕಟ್ಟಿದ ರೀತಿಯೇ ತಪ್ಪು. ಒಂದು ವರ್ಷದಲ್ಲಿ ಎಷ್ಟು ಮಂದಿಗೆ ಕಾಯಿಲೆ ಪತ್ತೆಯಾಯಿತು, ಎಷ್ಟು ಮಂದಿ ಸತ್ತರು ಎಂಬ ಎರಡು ಅಂಕಿಗಳನ್ನು ಭಾಗಿಸಿ ಅದಕ್ಕೆ 'ಬದುಕುಳಿಯುವ ಪ್ರಮಾಣ' ಎಂದು ಹೆಸರಿಟ್ಟಿದ್ದರು. ಆಗ ಎರಡೂ ದೇಶಗಳಲ್ಲಿ ಪ್ರಾಸ್ಟೇಟ್ ಕ್ಯಾನ್ಸರಿನಿಂದ ಸಾಯುವವರ ಪ್ರಮಾಣ ಹೆಚ್ಚುಕಮ್ಮಿ ಒಂದೇ ಆಗಿತ್ತು.

ಲೆಕ್ಕವನ್ನು ಸರಿಯಾಗಿಯೇ ಮಾಡಿದರೂ ಒಂದು ಮೋಸ ಉಳಿಯುತ್ತದೆ. ಇಬ್ಬರು ಅಣ್ಣತಮ್ಮಂದಿರು ಇದ್ದಾರೆ ಎಂದುಕೊಳ್ಳಿ. ಅಣ್ಣ ಜಯನಗರದಲ್ಲಿ, ತಮ್ಮ ಕೊಳ್ಳೇಗಾಲದ ಹತ್ತಿರದ ಊರಿನಲ್ಲಿ. ಇಬ್ಬರಿಗೂ ಒಂದೇ ಥರದ ಕ್ಯಾನ್ಸರ್. ಅಣ್ಣ ಪ್ರತಿ ವರ್ಷ ರಕ್ತ ಪರೀಕ್ಷೆ ಮಾಡಿಸುತ್ತಾನೆ, 62 ಕ್ಕೆ ಗೊತ್ತಾಗುತ್ತದೆ. ತಮ್ಮನಿಗೆ ಬೆನ್ನುನೋವು ಬಂದ ಮೇಲೆ, 70 ಕ್ಕೆ. ಇಬ್ಬರೂ ತೀರಿಕೊಳ್ಳುವುದು 72 ಕ್ಕೆ. ಈಗ 'ಗೊತ್ತಾದ ಮೇಲೆ ಐದು ವರ್ಷ ಬದುಕಿದರಾ?' ಎಂದು ಕೇಳಿದರೆ ಅಣ್ಣ ಪಾಸು, ತಮ್ಮ ಫೇಲು. ಜಯನಗರದ ಅಂಕಿ 100 ಕ್ಕೆ 100, ಕೊಳ್ಳೇಗಾಲದ್ದು ಸೊನ್ನೆ. ಆದರೆ ಅಣ್ಣ ಒಂದು ದಿನವೂ ಜಾಸ್ತಿ ಬದುಕಲಿಲ್ಲ. ಕಾಯಿಲೆ ಇದೆ ಎಂದು ತಿಳಿದುಕೊಂಡು ಬದುಕಿದ ವರ್ಷಗಳು ಮಾತ್ರ ಜಾಸ್ತಿ. ಅದೂ ಅಲ್ಲದೆ ಪರೀಕ್ಷೆ ಜಾಸ್ತಿಯಾದಷ್ಟೂ ಎಂದೂ ತೊಂದರೆ ಕೊಡದ ಸಣ್ಣ ಗಡ್ಡೆಗಳೂ ಲೆಕ್ಕಕ್ಕೆ ಸೇರುತ್ತವೆ, 'ಬದುಕಿದವರ' ಪಟ್ಟಿ ಉಬ್ಬುತ್ತದೆ.

ಹಾಗೆಂದು ಬೇಗ ಪತ್ತೆ ಹಚ್ಚುವುದೇ ವ್ಯರ್ಥ ಎಂದು ದಯವಿಟ್ಟು ತಿಳಿಯಬೇಡಿ. ಸ್ತನ ಕ್ಯಾನ್ಸರ್, ಗರ್ಭಕಂಠದ ಕ್ಯಾನ್ಸರ್ ಬೇಗ ಸಿಕ್ಕರೆ ಜೀವ ನಿಜವಾಗಿಯೂ ಉಳಿಯುತ್ತದೆ. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಕೊನೆಯ ಹಂತದಲ್ಲಿ ಬರುವ ಹೆಣ್ಣುಮಕ್ಕಳನ್ನು ನೋಡಿದವರು ಯಾರೂ ಬೇರೆ ಮಾತು ಆಡುವುದಿಲ್ಲ. ಸ್ತನ ಕ್ಯಾನ್ಸರಿನ ಚಿಕಿತ್ಸೆಯಲ್ಲಿ ಅಮೆರಿಕ ಮುಂದಿದೆ ಎಂದು ನಿಮ್ಮ ಅಳಿಯಂದಿರು ಹೇಳಿದರೆ ನಾನೂ ಒಪ್ಪುತ್ತೇನೆ. ಆದರೆ ದೇಶ ದೇಶಗಳನ್ನು ತೂಗುವಾಗ ಕೇಳಬೇಕಾದ್ದು 'ಲಕ್ಷ ಜನರಲ್ಲಿ ಎಷ್ಟು ಮಂದಿ ಆ ಕಾಯಿಲೆಯಿಂದ ಸತ್ತರು' ಎಂಬ ಪ್ರಶ್ನೆ.

ಇನ್ನೊಂದು ಹಳೆಯ ಅಂಕಿಯೂ ನಿಮ್ಮ ಊಟದ ಮನೆಗೆ ಬಂದಿರಬಹುದು. ವಿಶ್ವ ಆರೋಗ್ಯ ಸಂಸ್ಥೆ 2000 ದಲ್ಲಿ 191 ದೇಶಗಳ ಆರೋಗ್ಯ ವ್ಯವಸ್ಥೆಗಳಿಗೆ ರ‍್ಯಾಂಕ್ ಕೊಟ್ಟಿತು. ಫ್ರಾನ್ಸ್ 1, ಅಮೆರಿಕ 37, ಭಾರತ 112. ಎಷ್ಟೋ ದೇಶಗಳ ನಿಜ ಅಂಕಿ ಸಿಗದೆ ಅಂದಾಜು ತುಂಬಿ ಮಾಡಿದ ಪಟ್ಟಿ ಅದು. ಟೀಕೆ ಬಂತು, ಸಂಸ್ಥೆ ಮತ್ತೆ ಅಂಥ ರ‍್ಯಾಂಕ್ ಕೊಡಲಿಲ್ಲ. ಆದರೂ ಇಂದಿಗೂ ಅದನ್ನು ಇವತ್ತಿನ ಸುದ್ದಿಯಂತೆ ಬರೆಯುವವರಿದ್ದಾರೆ.

ನೀವು ಬಸವನಗುಡಿಯವರು, ಹಾಗಾಗಿ ಇದನ್ನೂ ಹೇಳಬೇಕು. 1898 ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂತು. ಪೇಟೆಯ ಇಕ್ಕಟ್ಟಿನ ಮನೆಗಳಲ್ಲಿ ಜನ ಸಾಲು ಸಾಲಾಗಿ ಸತ್ತರು. ಪ್ಲೇಗಿನಮ್ಮನ ಗುಡಿಗಳು ಆ ಭಯದ ನೆನಪು. ಆಮೇಲೆ ನಿಮ್ಮ ಬಸವನಗುಡಿ, ಮಲ್ಲೇಶ್ವರಂ ಬಡಾವಣೆಗಳು ಬೆಳೆದವು. ಅಗಲ ರಸ್ತೆ, ಮನೆಗೆ ಗಾಳಿ ಬೆಳಕು, ಹಿಂಬದಿಯಲ್ಲಿ ಕಸ, ಮಲ ಸಾಗಿಸಲು ಬಿಟ್ಟ ಕನ್ಸರ್ವೆನ್ಸಿ ಓಣಿ. ಅದೇ ಕಾಲದಲ್ಲಿ ಹೆಸರಘಟ್ಟದಿಂದ ನಲ್ಲಿ ನೀರು ಬಂತು. ಇವೆಲ್ಲ ಎಷ್ಟು ಜೀವ ಉಳಿಸಿದವೋ. ಆದರೆ ಇಂಥ ಖರ್ಚು ಇವತ್ತಿನ 'ಆರೋಗ್ಯ ವೆಚ್ಚ'ದ ಪುಸ್ತಕದಲ್ಲಿ ಇರುವುದೇ ಇಲ್ಲ. ರಾಷ್ಟ್ರೀಯ ಆರೋಗ್ಯ ಲೆಕ್ಕಪತ್ರದಲ್ಲಿ ಕುಡಿಯುವ ನೀರು, ಚರಂಡಿಯ ವೆಚ್ಚವನ್ನು ಹೊರಗಿಡುತ್ತಾರೆ. ಖರ್ಚಿನ ಕಾಲಂನಲ್ಲಿ ಆಸ್ಪತ್ರೆ ಮಾತ್ರ, ಆಯಸ್ಸಿನ ಕಾಲಂನಲ್ಲಿ ನೀರು, ಊಟ, ರಸ್ತೆ, ಶಾಲೆ ಎಲ್ಲವೂ. ಎರಡನ್ನೂ ಪಕ್ಕ ಪಕ್ಕ ಇಟ್ಟರೆ ಹೊಂದುವುದು ಹೇಗೆ? ಕೇರಳದಲ್ಲಿ 2020 ರಲ್ಲಿ ಹುಟ್ಟಿದ ಸಾವಿರ ಕೂಸುಗಳಲ್ಲಿ ವರ್ಷ ತುಂಬುವ ಮೊದಲು ತೀರಿಕೊಂಡವು 6. ಕರ್ನಾಟಕದಲ್ಲಿ 19, ದೇಶದಲ್ಲಿ 28. ಅಲ್ಲಿ ತಲೆಮಾರುಗಳಿಂದ ಹೆಣ್ಣುಮಕ್ಕಳು ಶಾಲೆಗೆ ಹೋದದ್ದನ್ನು ಬಿಟ್ಟು ಈ 6 ನ್ನು ವಿವರಿಸಲು ಆಗುವುದಿಲ್ಲ.

ಪ್ರಶ್ನೆ: ನಾನು ಬೆಂಗಳೂರಿನ ಒಂದು ದಿನಪತ್ರಿಕೆಯಲ್ಲಿ ಎರಡು ವರ್ಷದಿಂದ ಆರೋಗ್ಯ ಸುದ್ದಿ ಬರೆಯುತ್ತಿದ್ದೇನೆ. ಸರ್ಕಾರದ್ದಾಗಲಿ ಆಸ್ಪತ್ರೆಯದ್ದಾಗಲಿ, ಪ್ರೆಸ್ ನೋಟಿನಲ್ಲಿ ಒಂದು ಅಂಕಿ ಇರುತ್ತದೆ. ಅದು ಸುಳ್ಳಲ್ಲ. ಆದರೆ ಪೂರ್ತಿ ನಿಜವೂ ಅಲ್ಲ ಅನ್ನಿಸುತ್ತದೆ. ಡೆಸ್ಕಿನಲ್ಲಿ 'ಅಧಿಕೃತ ಅಂಕಿ ಹಾಕಮ್ಮ, ಸಾಕು' ಅನ್ನುತ್ತಾರೆ. ಅಷ್ಟು ಸಾಕಾ?

ಉತ್ತರ: ಸಾಕಾಗುವುದಿಲ್ಲಮ್ಮ. ನಿಮಗೆ ಹಾಗೆ ಅನ್ನಿಸಿತಲ್ಲ, ನನಗೆ ಬಹಳ ಸಂತೋಷವಾಯಿತು.

ಒಂದು ಲೆಕ್ಕ ತೋರಿಸುತ್ತೇನೆ. ಭಾರತದಲ್ಲಿ ಒಟ್ಟು ಆರೋಗ್ಯ ಖರ್ಚಿನಲ್ಲಿ ಜನ ತಮ್ಮ ಜೇಬಿನಿಂದ ಕೊಡುವ ಪಾಲು 2013–14 ರಲ್ಲಿ 100 ಕ್ಕೆ 64.2 ಇತ್ತು. 2021–22 ರಲ್ಲಿ 39.4 ಕ್ಕೆ ಇಳಿಯಿತು. ರಾಷ್ಟ್ರೀಯ ಆರೋಗ್ಯ ಲೆಕ್ಕಪತ್ರದ ಅಧಿಕೃತ ಅಂಕಿ. 'ಜನರ ಜೇಬಿನ ಭಾರ ಭಾರೀ ಇಳಿಕೆ' ಎಂದು ಹೆಡ್‌ಲೈನ್ ಬರೆಯಬಹುದು. ಈಗ ಅದೇ ವರದಿಯಲ್ಲಿ ರೂಪಾಯಿಯ ಸಾಲು ನೋಡಿ. ತಲೆಗೆ ಜೇಬಿನಿಂದ ಹೋದದ್ದು ಆಗ ಸುಮಾರು 2,336 ರೂಪಾಯಿ, 2021–22 ರಲ್ಲಿ ಸುಮಾರು 2,600. 'ಜೇಬಿನ ಖರ್ಚು ಏರಿಕೆ' ಎಂದೂ ಬರೆಯಬಹುದು! ಎಂಟು ವರ್ಷದ ಬೆಲೆ ಏರಿಕೆ ಕಳೆದರೆ ಇದೂ ಇಳಿಕೆಯೇ, ಆದರೆ ಪಾಲು ಇಳಿದಷ್ಟು ಅಲ್ಲ. ಪಾಲು ಅಷ್ಟು ಇಳಿದದ್ದಕ್ಕೆ ದೊಡ್ಡ ಕಾರಣ ಕೋವಿಡ್ ವರ್ಷಗಳಲ್ಲೂ ಸೇರಿ ಸರ್ಕಾರದ ಖರ್ಚು ಏರಿದ್ದು, ಅದು ಒಳ್ಳೆಯದೇ. ಹಾಗಿದ್ದೂ ಸರ್ಕಾರದ ಖರ್ಚು 2021–22 ರಲ್ಲಿ ಜಿಡಿಪಿಯಲ್ಲಿ 100 ಕ್ಕೆ 1.84 ರಷ್ಟಿತ್ತು. 2017 ರ ರಾಷ್ಟ್ರೀಯ ಆರೋಗ್ಯ ನೀತಿ ಹಾಕಿಕೊಂಡಿದ್ದ ಗುರಿ 2025 ಕ್ಕೆ 2.5. ಇನ್ನೂ ಒಂದು ಮಾತು. ಜೇಬಿನ ಖರ್ಚು ತಗ್ಗುವುದಕ್ಕೆ ಎರಡು ದಾರಿ ಇದೆ. ಚಿಕಿತ್ಸೆ ಅಗ್ಗವಾಗಿ ಸಿಕ್ಕಿರಬಹುದು. ದುಡ್ಡಿಲ್ಲದೆ ಜನ ಆಸ್ಪತ್ರೆಗೇ ಹೋಗದೆ ಇದ್ದಿರಬಹುದು. ಪಟ್ಟಿಯಲ್ಲಿ ಎರಡೂ ಒಂದೇ ಥರ ಕಾಣುತ್ತವೆ. ವಿಕ್ಟೋರಿಯಾ ಆಸ್ಪತ್ರೆಯ ಹೊರರೋಗಿ ವಿಭಾಗದ ಸಾಲಿನಲ್ಲಿ ಅರ್ಧ ಗಂಟೆ ನಿಂತು ನಾಲ್ಕು ಜನರನ್ನು ಮಾತಾಡಿಸಿದರೆ ಏನು ಕೇಳಬೇಕು ಎಂದು ನಿಮಗೇ ತಿಳಿಯುತ್ತದೆ.

ಸಾವಿನ ಲೆಕ್ಕ ಇನ್ನೂ ಕಷ್ಟದ್ದು. 2020 ರಲ್ಲಿ ನಮ್ಮ ದೇಶದಲ್ಲಿ ನೋಂದಣಿಯಾದ ಸಾವುಗಳಲ್ಲಿ ವೈದ್ಯರು ಕಾರಣ ಬರೆದುಕೊಟ್ಟದ್ದು 100 ಕ್ಕೆ 22.5 ಮಾತ್ರ. ಉಳಿದವರು ಯಾತಕ್ಕೆ ಸತ್ತರು ಎಂದು ಕಾಗದ ಹೇಳುವುದಿಲ್ಲ. 2021 ರ ಏಪ್ರಿಲ್‌ನಲ್ಲಿ ನಮ್ಮ ಸುಮನಹಳ್ಳಿ ಚಿತಾಗಾರದ ಮುಂದೆ ಆಂಬುಲೆನ್ಸುಗಳು ಸಾಲುಗಟ್ಟಿದ್ದನ್ನು ನೀವೂ ನೋಡಿರುತ್ತೀರಿ. ಆ ತಿಂಗಳು ಗುಜರಾತಿನ 'ಸಂದೇಶ್' ಪತ್ರಿಕೆಯ ವರದಿಗಾರರು ಸ್ಮಶಾನ, ಆಸ್ಪತ್ರೆಗಳ ಬಾಗಿಲಲ್ಲಿ ನಿಂತು ಶವಗಳನ್ನು ತಾವೇ ಎಣಿಸಿದರು. ಅಧಿಕೃತ ಸಂಖ್ಯೆಯ ಪಕ್ಕದಲ್ಲಿ ತಮ್ಮ ಎಣಿಕೆ ಇಟ್ಟರು. ಪತ್ರಿಕಾ ಧರ್ಮ ಎಂದರೆ ನನ್ನ ಕಣ್ಣ ಮುಂದೆ ಬರುವುದು ಆ ವರದಿಗಾರರು. ಮುಂದೆ 2020–21 ರಲ್ಲಿ ಭಾರತದಲ್ಲಿ ಸುಮಾರು 47 ಲಕ್ಷ ಹೆಚ್ಚುವರಿ ಸಾವು (ಮಾಮೂಲಿ ವರ್ಷಗಳಲ್ಲಿ ಆಗುವುದಕ್ಕಿಂತ ಹೆಚ್ಚಾದ ಸಾವು) ಸಂಭವಿಸಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿತು. ಸರ್ಕಾರದ ಕೋವಿಡ್ ಲೆಕ್ಕ ಸುಮಾರು 4.8 ಲಕ್ಷ. ಸಂಸ್ಥೆಯ ವಿಧಾನವನ್ನು ಸರ್ಕಾರ ಒಪ್ಪಲಿಲ್ಲ. ನೀವು ಬರೆಯುವಾಗ ಈ ಮೂರೂ ವಾಕ್ಯ ಇರಬೇಕು. ಒಂದನ್ನು ಬಿಟ್ಟರೂ ಅನ್ಯಾಯ.

ಡೆಸ್ಕಿನವರಿಗೆ ಒಂದು ಮಾತು ಹೇಳಿ ನೋಡಿ. 'ಸರ್, ಅಂಕಿಯ ಕೆಳಗೆ ಒಂದು ಸಾಲು ಜಾಗ ಕೊಡಿ. ಯಾವ ವರ್ಷದ್ದು, ಯಾರು ಎಣಿಸಿದ್ದು, ಏನು ಸೇರಿಲ್ಲ.' ಅಷ್ಟು ಜಾಗ ಯಾವ ಪೇಜಿನಲ್ಲೂ ಸಿಗುತ್ತದೆ. ಆಸ್ಪತ್ರೆಯ 'ಯಶಸ್ಸು 100 ಕ್ಕೆ 95' ಎಂಬ ನೋಟು ಬಂದರೆ ಎಷ್ಟು ಮಂದಿಯಲ್ಲಿ, ಎಷ್ಟು ದಿನದ ಮೇಲೆ, ಎಂಥ ರೋಗಿಗಳನ್ನು ಸೇರಿಸಿಕೊಳ್ಳಲಿಲ್ಲ ಎಂದು ಕೇಳಿ. ಉತ್ತರ ಬರದಿದ್ದರೆ ಆ 95 ನ್ನು ಹಾಕಬೇಡಿ. ಆ ಆಸ್ಪತ್ರೆ ನಿಮ್ಮ ಪತ್ರಿಕೆಗೆ ಜಾಹೀರಾತು ಕೊಡುವುದಾದರೆ ಇನ್ನೂ ಗಟ್ಟಿಯಾಗಿ ಕೇಳಿ. ಸಕ್ಕರೆ ಕಾಯಿಲೆ, ಕ್ಯಾನ್ಸರ್ ವಾಸಿ ಮಾಡುತ್ತೇವೆ ಎಂಬ ಔಷಧಿಯ ಜಾಹೀರಾತನ್ನು 1954 ರ ಕಾಯ್ದೆಯೇ ನಿಷೇಧಿಸಿದೆ. ಸುದ್ದಿಯ ವೇಷದಲ್ಲಿ ಬಂದರೂ ಅದು ಜಾಹೀರಾತೇ.

ತಪ್ಪು ಅಚ್ಚಾದರೆ? ತಪ್ಪು ಕಾಣಿಸಿದ ಪುಟದಲ್ಲೇ, ಕಣ್ಣಿಗೆ ಬೀಳುವಂತೆ ತಿದ್ದುಪಡಿ ಹಾಕಿಸಲು ಹಟ ಹಿಡಿಯಿರಿ. ಭಾರತೀಯ ಪತ್ರಿಕಾ ಮಂಡಳಿಗೆ ಛೀಮಾರಿ ಹಾಕುವ ಅಧಿಕಾರ ಇದೆ, ದಂಡ ಹಾಕುವ ಅಧಿಕಾರ ಇಲ್ಲ. ಆದ್ದರಿಂದ ಈ ಕೆಲಸ ನಿಮ್ಮ ನಿಮ್ಮ ಕಚೇರಿಯೊಳಗೇ ನಡೆಯಬೇಕು.

ಪ್ರಶ್ನೆ: ನಾನು ಯಶವಂತಪುರದ ಗೃಹಿಣಿ. ಇಂಥ ಅಂಕಿಗಳನ್ನು ನಮ್ಮಂಥವರು ನೋಡಬಹುದಾ, ದುಡ್ಡು ಕೊಡಬೇಕಾ?

ಉತ್ತರ: ಧಾರಾಳವಾಗಿ ನೋಡಬಹುದು, ಪೈಸೆ ಕೊಡಬೇಕಿಲ್ಲ. ಕೇಂದ್ರ ಆರೋಗ್ಯ ಇಲಾಖೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ 5ನೇ ಸುತ್ತು 2019–21 ರಲ್ಲಿ ನಡೆಯಿತು. ಅದರಲ್ಲಿ ಪ್ರತಿ ಜಿಲ್ಲೆಗೂ ಕೆಲವೇ ಪುಟದ ಪಟ್ಟಿ ಇದೆ. ಇಂಗ್ಲಿಷಿನಲ್ಲಿದೆ, ಮಕ್ಕಳ ಸಹಾಯ ತಗೊಳ್ಳಿ. ಮೊದಲು ಬೆಂಗಳೂರಿನದ್ದು ತೆಗೆಯಿರಿ, ಆಮೇಲೆ ಯಾದಗಿರಿಯದ್ದು. ಮಕ್ಕಳ ತೂಕ, ರಕ್ತಹೀನತೆ, ಶೌಚಾಲಯ ಈ ಮೂರು ಸಾಲುಗಳನ್ನು ಎರಡರಲ್ಲೂ ಪಕ್ಕ ಪಕ್ಕ ಇಟ್ಟು ಓದಿ. 'ಕರ್ನಾಟಕದ ಸರಾಸರಿ' ಎಂದು ನಾವು ಪತ್ರಿಕೆಯಲ್ಲಿ ಓದುವ ಒಂದೇ ಸಂಖ್ಯೆಯೊಳಗೆ ಈ ಎರಡೂ ಜಿಲ್ಲೆಗಳು ಸೇರಿಕೊಂಡಿವೆ.