ಗೋಮಾಳದ ತುಂಬಾ ಕಾಂಗ್ರೆಸ್ ಗಿಡ, ಹಾಲು ಕಹಿ

ಪ್ರಶ್ನೆ: ಅಕ್ಕಾ, ನಮ್ಮದು ಕಡೂರು ತಾಲೂಕಿನ ಹಳ್ಳಿ. ಎರಡು ಹಸು, ಎಂಟು ಕುರಿ ಇವೆ. ಊರ ಗೋಮಾಳದಲ್ಲಿ ಈಗ ಹುಲ್ಲಿಗಿಂತ ಕಾಂಗ್ರೆಸ್ ಗಿಡವೇ ಜಾಸ್ತಿ. ನಾಲ್ಕೈದು ದಿನದಿಂದ ಹಾಲು ಕಹಿ ಬರುತ್ತಿದೆ. ಎಲ್ಲ ಕಡೆ ಕಳೆನಾಶಕ ಹೊಡೆಸೋಣ ಅಂತಾರೆ ಊರಿನವರು. ಏನು ಮಾಡಲಿ?

ಉತ್ತರ: ಮೊದಲು ಹಸುಗಳನ್ನು ಆ ಕಡೆ ಬಿಡುವುದು ನಿಲ್ಲಿಸಿ. ಒಳ್ಳೆ ಮೇವಿದ್ದರೆ ದನ ಈ ಗಿಡವನ್ನು ಮೂಸಿಯೂ ನೋಡುವುದಿಲ್ಲ. ಹಸಿದಾಗ ಬಾಯಿ ಹಾಕುತ್ತದೆ, ಆ ಕಹಿ ಹಾಲಿಗೂ ಇಳಿಯುತ್ತದೆ. ಇದರಲ್ಲಿರುವ ಪಾರ್ಥೆನಿನ್ ವಿಷ. ಬಾಯಲ್ಲಿ ಹುಣ್ಣು, ಮೈ ಮೇಲೆ ಕಜ್ಜಿ ಕಂಡರೆ ಅವತ್ತೇ ಪಶುವೈದ್ಯರಿಗೆ ತೋರಿಸಿ.

ನಾನೂ ಇದರಿಂದ ಪೆಟ್ಟು ತಿಂದವಳು. ಅರಸೀಕೆರೆ ಹತ್ತಿರದ ನಮ್ಮ ತೋಟಕ್ಕೆ ಒಂದು ವರ್ಷ ಹೊರಗಿನಿಂದ ಒಂದು ಟ್ರ್ಯಾಕ್ಟರ್ ಗೊಬ್ಬರ ಹೊಡೆಸಿದೆ. ಮುಂಗಾರು ಬಿದ್ದ ಮೇಲೆ ಸಾಲುಸಾಲು ಸಸಿ ಎದ್ದವು. ಎಲೆ ನೋಡಿದರೆ ಥೇಟ್ ಚೆಂಡುಹೂವಿನದು. ಇರಲಿ ಅಂತ ಬಿಟ್ಟೆ. ತಿಂಗಳು ಒಂದೂವರೆ ಆಗುವಷ್ಟರಲ್ಲಿ ಅಕ್ಕಿನುಚ್ಚು ಚೆಲ್ಲಿದ ಹಾಗೆ ಬಿಳಿ ಹೂ. ಬರಿಗೈಯಲ್ಲಿ ಕಿತ್ತೆ. ಬೆರಳ ಸಂದಿಯೆಲ್ಲ ಕೆಂಪಾಗಿ ಬಿರಿದು, ಮುದ್ದೆ ತಿರುವಲೂ ಆಗಲಿಲ್ಲ. ಗ್ಲೌಸ್ ಹಾಕದೆ ಮುಟ್ಟಬೇಡಿ. ಮನೆಯಲ್ಲಿ ಉಬ್ಬಸ ಇರುವವರನ್ನು ಈ ಕೆಲಸಕ್ಕೆ ಕರೆಯಲೇಬೇಡಿ.

ಮೆಕ್ಸಿಕೋ ಕಡೆಯ ಈ ಗಿಡ ನಮ್ಮ ದೇಶದಲ್ಲಿ ಕಣ್ಣಿಗೆ ಬಿದ್ದಿದ್ದು 1950ರ ದಶಕದಲ್ಲಿ, ಪುಣೆಯಲ್ಲಿ. ಒಂದೇ ಗಿಡ 15,000ದಿಂದ 25,000 ಬೀಜ ಉದುರಿಸುತ್ತದೆ. ಹರಿಯುವ ನೀರು, ಟ್ರ್ಯಾಕ್ಟರ್ ಚಕ್ರ, ದನದ ಗೊರಸಿಗೆ ಮೆತ್ತಿದ ಮಣ್ಣು, ಎಲ್ಲದರ ಜೊತೆ ಹೋಗುತ್ತದೆ. ಅದಕ್ಕೇ ಹೂ ಬಿಡುವ ಮುಂಚೆ, ಮಳೆ ಬಂದು ನೆಲ ಮೆತ್ತಗಿರುವಾಗ, ಬೇರು ಸಮೇತ ಕೀಳಬೇಕು. ಕುಡುಗೋಲಿನಿಂದ ಸವರಿದರೆ ಬುಡದಿಂದ ಮತ್ತೆ ಚಿಗುರುತ್ತದೆ.

ಗೋಮಾಳಕ್ಕೆಲ್ಲ ಕಳೆನಾಶಕ ಹೊಡೆಸುವುದು ನನಗೆ ಒಪ್ಪಿಗೆಯಿಲ್ಲ. ಉಳಿದ ಹುಲ್ಲೂ ಸುಟ್ಟರೆ ಬೋಳು ನೆಲ ಸಿಕ್ಕಿತು ಅಂತ ಇದೇ ಮೊದಲು ಏಳುತ್ತದೆ. ಹೊಡೆಸುವ ಮುಂಚೆ ಒಂದು ಬೆಳಿಗ್ಗೆ ಹೋಗಿ ಗಿಡದ ತುದಿ ನೋಡಿ. ಕೆನೆ ಬಣ್ಣದ ಬೆನ್ನಿನ ಮೇಲೆ ಕಂದು ಗೆರೆ ಇರುವ ಸಣ್ಣ ದುಂಡು ಜೀರುಂಡೆ ಇದೆಯಾ? ಅದನ್ನು 1983ರಲ್ಲಿ ಮೆಕ್ಸಿಕೋದಿಂದ ಬೆಂಗಳೂರಿಗೆ ತಂದಿದ್ದೇ ಈ ಗಿಡ ತಿನ್ನಿಸೋಕೆ. ಮಳೆ ಶುರುವಾದ ಮೇಲೆ ಮಣ್ಣಿಂದ ಎದ್ದು ಬರುತ್ತದೆ. ಮರಿಗಳು ಚಿಗುರನ್ನೇ ತಿಂದು ಹಾಕುತ್ತವೆ. ಅದೊಂದೇ ಸಾಲದು, ಆದರೆ ಇರುವುದನ್ನು ಯಾಕೆ ಕೊಲ್ಲಬೇಕು, ಅಲ್ವಾ?

ಮುಖ್ಯವಾಗಿ ಹುಲ್ಲು ವಾಪಸ್ ಬರಬೇಕು. ಊರವರೆಲ್ಲ ಕೂತು ಮಾತಾಡಿ. ಗೋಮಾಳದ ಒಂದು ಭಾಗ ಕಿತ್ತು ಚೊಕ್ಕಟ ಮಾಡಿ, ಈ ಮಳೆಗಾಲ ಪೂರ್ತಿ ಅಲ್ಲಿಗೆ ದನ ಕುರಿ ಬಿಡಬೇಡಿ. ಮುಂದಿನ ವರ್ಷ ಇನ್ನೊಂದು ಭಾಗ. ದಾರಿ ಅಂಚಿಗೆ ತಗಚೆ ಬೀಜ ಎರಚಿ, ಅದು ಇದನ್ನು ಮೇಲೇಳಲು ಬಿಡುವುದಿಲ್ಲ. ದನ ಅದನ್ನು ಮೇಯುವುದಿಲ್ಲ, ಹಾಗಾಗಿ ಅಂಚಿಗಷ್ಟೇ ಸಾಕು.

ಹೂ ಬಿಡದ ಗಿಡ ಕಿತ್ತಿದ್ದರೆ ಗುಂಡಿಗೆ ಹಾಕಿ ಗೊಬ್ಬರ ಮಾಡಬಹುದು. ಹೂ ಬಿಟ್ಟಿದ್ದನ್ನು ಮಾತ್ರ ತಿಪ್ಪೆಗೆ ಎಸೆಯಬೇಡಿ. ನನ್ನ ತೋಟಕ್ಕೆ ಅದು ಬಂದಿದ್ದು ಹಾಗೆಯೇ.