ಗಟಾರದ ನೀರಲ್ಲಿ ಊರಿನ ಜ್ವರ: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದಿರೋ ಪ್ರಶ್ನೆಗಳೆಲ್ಲಾ ಹೆಚ್ಚುಕಮ್ಮಿ ಒಂದೇ ವಿಷಯದ್ದು, ಕೊಳಚೆ ನೀರು ಟೆಸ್ಟ್ ಮಾಡಿ ಕೊರೊನಾ ರೂಪಾಂತರಿ ಹಿಡಿಯೋದು. ದಾವಣಗೆರೆಯವರೇ ಜಾಸ್ತಿ ಬರೆದಿದ್ದಾರೆ. ಚಿತ್ರದುರ್ಗದಿಂದ ಒಂದು ಬಂದಿದೆ, ಅದನ್ನ ಕೊನೆಗೆ ಇಟ್ಕೊಂಡಿದೀನಿ.

ಪ್ರಶ್ನೆ: ಬೆಂಗ್ಳೂರಲ್ಲಿ ಗಟಾರದ ನೀರು ಟೆಸ್ಟ್ ಮಾಡಿ ಹೊಸ ಕೊರೊನಾ ಬಂದೈತೋ ಇಲ್ವೋ ನೋಡ್ತಾರಂತೆ. ಜ್ವರ ಬಂದವರನ್ನ ಟೆಸ್ಟ್ ಮಾಡಿದ್ರೆ ಸಾಕಲ್ವಾ ಸರ್, ಹೊಲಸು ನೀರು ಯಾಕೆ ಬೇಕು?
ಪಿ.ಜೆ. ಬಡಾವಣೆ, ದಾವಣಗೆರೆ

ಉತ್ತರ: ಜ್ವರ ಬಂದವರೆಲ್ಲಾ ಟೆಸ್ಟಿಗೆ ಬಂದಿದ್ರೆ ಸಾಕಾಗ್ತಿತ್ತು. ಬರಲ್ವಲ್ಲ. 2022ರ ಜನವರಿ ನೆನಪು ಮಾಡ್ಕೊಳ್ಳಿ, ಒಮಿಕ್ರಾನ್ ಅಲೆ, ಮನೆಮನೇಲೂ ಗಂಟಲು ನೋವು ಮೈಕೈ ನೋವು, ಅದರಲ್ಲಿ ಮೂಗಿನ ಸ್ವ್ಯಾಬ್ ಕೊಟ್ಟೋರು ಎಷ್ಟು ಜನ? ಮೆಡಿಕಲ್ ಶಾಪಿಂದ ಮಾತ್ರೆ ತಂದು ನುಂಗಿ ಮೂರು ದಿನಕ್ಕೆ ಎದ್ದು ಓಡಾಡಿದವರೇ ಜಾಸ್ತಿ. ಎಪಿಎಂಸೀಲಿ ಚೀಲ ಹೊರೋ ಹಮಾಲರಿಗೆ, ಮಂಡಕ್ಕಿ ಭಟ್ಟೀಲಿ ಬೆಂಕಿ ಮುಂದೆ ನಿಂತು ದುಡಿಯೋರಿಗೆ ಟೆಸ್ಟ್ ಅಂದ್ರೆ ಒಂದಿನದ ಕೂಲಿ ಹೋಯ್ತು ಅಂತ, ಪಾಸಿಟಿವ್ ಬಂದ್ರೆ ವಾರದ ಕೂಲಿ. ಅವರು ಯಾವ ಲೆಕ್ಕಕ್ಕೂ ಸಿಗೋದೇ ಇಲ್ಲ. ಆದ್ರೆ ಕಕ್ಕಸಿಗೆ ಎಲ್ರೂ ಹೋಗ್ತಾರೆ. ಸೋಂಕು ತಗಲಿದವರಲ್ಲಿ ತುಂಬಾ ಜನರ ಮಲದಲ್ಲಿ ವೈರಸ್ಸಿನ ಆರ್‌ಎನ್‌ಎ (ಅಂದ್ರೆ ಅದರ ವಂಶವಾಹಿ) ಚೂರುಗಳು ಹೊರಗೆ ಹೋಗ್ತವೆ, ಲಕ್ಷಣಾನೇ ಇಲ್ಲದವರಿಂದಲೂ ಹೋಗ್ತವೆ. ಹಾಗಾಗಿ ಒಂದು ಲೀಟರ್ ಕೊಳಚೆ ನೀರು ಅಂದ್ರೆ ಸಾವಿರಾರು ಜನರ ಸ್ವ್ಯಾಬ್ ಒಟ್ಟಿಗೆ ಸಿಕ್ಕಂಗೆ, ಸಾಹುಕಾರ ಬಡವ ಅನ್ನೋ ಭೇದ ಇಲ್ದೆ. ನನಗೆ ಇದರಲ್ಲಿ ತುಂಬಾ ಮುಖ್ಯ ಅನ್ಸೋದು ಇದೇ.

ಎರಡನೇದು, ಬೇಗ ಗೊತ್ತಾಗುತ್ತೆ. ನೆದರ್ಲೆಂಡ್ಸಿನ ಅಮರ್ಸ್‌ಫೋರ್ಟ್ ಅನ್ನೋ ಊರಲ್ಲಿ 2020ರ ಮಾರ್ಚಲ್ಲಿ ಮೊದಲ ಕೇಸು ವರದಿ ಆಗೋಕೆ 6 ದಿನ ಮುಂಚೆನೇ ಕೊಳಚೆ ನೀರಲ್ಲಿ ವೈರಸ್ ಸುಳಿವು ಸಿಕ್ಕಿತ್ತು. ಒಮಿಕ್ರಾನ್ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೆಸರಿಟ್ಟಿದ್ದು 2021ರ ನವೆಂಬರ್ 26, ಡಿಸೆಂಬರ್ 2ಕ್ಕೆ ಬೆಂಗಳೂರಲ್ಲಿ ದೇಶದ ಮೊದಲ ಎರಡು ಕೇಸು, ಅದರಲ್ಲಿ ಒಬ್ಬರು ವಿದೇಶಕ್ಕೆ ಹೋಗೇ ಇರಲಿಲ್ಲ. ಅಂದ್ರೆ ಅಷ್ಟೊತ್ತಿಗೆ ಅದು ಊರೊಳಗೆ ಹರಡ್ತಾ ಇತ್ತು, ನಮಗೆ ಕಂಡಿರಲಿಲ್ಲ ಅಷ್ಟೆ. ಆಮೇಲೆ 2022ರ ಜನವರಿಯಿಂದ ಜೂನ್ ತನಕ ಬೆಂಗಳೂರಿನ 28 ಕೊಳಚೆ ನೀರು ಶುದ್ಧೀಕರಣ ಘಟಕಗಳಿಂದ ಸ್ಯಾಂಪಲ್ ತಗೊಂಡು ವಿಜ್ಞಾನಿಗಳು ಸೋಂಕಿನ ಏರಿಳಿತ, ರೂಪಾಂತರಿ ಎರಡನ್ನೂ ನೋಡಿದ್ರು.

ಇದು ಕೊರೊನಾ ಬಂದ ಮೇಲೆ ಹುಟ್ಟಿದ ವಿದ್ಯೆ ಅಲ್ಲ. ಪೋಲಿಯೋಗೆ ಮುಂಬೈ ಚರಂಡಿ ನೀರನ್ನ 2001ರಿಂದ ನೋಡ್ತಾ ಬಂದಿದಾರೆ. 2013ರಲ್ಲಿ ಇಸ್ರೇಲಲ್ಲಿ ಒಂದು ಮಗುಗೂ ಕಾಲು ಬಿದ್ದಿರಲಿಲ್ಲ, ಆದ್ರೆ ಚರಂಡೀಲಿ ಪೋಲಿಯೋ ವೈರಸ್ ಸಿಕ್ತು, ಆಮೇಲೆ ಮಕ್ಕಳಿಗೆ ಹನಿ ಹಾಕಿದ್ರು, ಆ ಸಲ ಒಂದು ಮಗುನೂ ಕುಂಟ ಆಗ್ಲಿಲ್ಲ.

ಪ್ರಶ್ನೆ: ನಾನು ಬಿಎಸ್ಸಿ ಓದ್ತಿದೀನಿ. ಇಷ್ಟು ಜನರ ಹೊಲಸು ಕಲಸಿರೋ ನೀರಲ್ಲಿ ಇದು ಡೆಲ್ಟಾ, ಇದು ಒಮಿಕ್ರಾನ್ ಅಂತ ಹೆಂಗೆ ಬೇರೆ ಮಾಡ್ತಾರೆ? ಪಿಸಿಆರ್ ಮಾಡಿದ್ರೆ ವೈರಸ್ ಐತೆ ಅಂತಷ್ಟೇ ಗೊತ್ತಾಗುತ್ತಲ್ವಾ?
ವಿದ್ಯಾನಗರ, ದಾವಣಗೆರೆ

ಉತ್ತರ: ಸರಿಯಾದ ಜಾಗಕ್ಕೇ ಕೈ ಹಾಕಿದೀಯ. ಮೊದಲು ನೀರು ತರೋದು ನೋಡು. ಬೆಳಿಗ್ಗೆ ಮನೆಮನೇಲೂ ನೀರು ಜಾಸ್ತಿ ಹರಿಯೋ ಹೊತ್ತಲ್ಲಿ ಒಂದು ಬಾಟ್ಲಿ ತುಂಬ್ಕೊಳೋದು ಒಂದು ದಾರಿ, ಇನ್ನೊಂದು ಮಷೀನ್ ಇಟ್ಟು 24 ಗಂಟೇಲಿ ಸ್ವಲ್ಪ ಸ್ವಲ್ಪ ತಗೊಂಡು ಸೇರಿಸೋದು, ಇದು ಒಳ್ಳೇದು ಆದ್ರೆ ಖರ್ಚು. ಐಸ್ ಬಾಕ್ಸಲ್ಲಿ ಲ್ಯಾಬಿಗೆ ತಂದು, ಕಸ ತೆಗೆದು, ಪಾಲಿ ಎಥಿಲೀನ್ ಗ್ಲೈಕಾಲ್ ಮತ್ತೆ ಉಪ್ಪು ಹಾಕಿ ಗಿರಗಿರ ತಿರುಗಿಸಿದ್ರೆ ವೈರಸ್ ತಳದಲ್ಲಿ ಕೂರುತ್ತೆ, ಅದರಿಂದ ಆರ್‌ಎನ್‌ಎ ತೆಗೀತಾರೆ. ಪಿಸಿಆರ್ ಎಷ್ಟಿದೆ ಅಂತ ಹೇಳುತ್ತೆ. ಯಾವುದು ಅಂತ ಹೇಳೋಕೆ ಸೀಕ್ವೆನ್ಸಿಂಗ್ ಬೇಕು, ಅಂದ್ರೆ ವಂಶವಾಹಿಯನ್ನ ಅಕ್ಷರ ಅಕ್ಷರವಾಗಿ ಓದೋದು. ಈ ವೈರಸ್ಸಿನ ಜೀನೋಮ್, ಅಂದ್ರೆ ಪೂರ್ತಿ ವಂಶವಾಹಿ, ಸುಮಾರು 30,000 ಅಕ್ಷರ, ಅದನ್ನ ಸುಮಾರು 400 ಅಕ್ಷರದ ತುಂಡು ತುಂಡಾಗಿ ನಕಲು ಮಾಡಿ ಓದ್ತಾರೆ.

ಈಗ ನಿನ್ನ ಪ್ರಶ್ನೆ. ನಮ್ಮ ಎಪಿಎಂಸೀಲಿ ಮೆಕ್ಕೆಜೋಳದ ಚೀಲದಿಂದ ಒಂದು ಹಿಡಿ ಕಾಳು ತೆಗೆದು ಅಂಗೈ ಮೇಲೆ ಹರಡಿ ನೋಡ್ತಾರಲ್ಲ, ಎಷ್ಟು ಗಟ್ಟಿ, ಎಷ್ಟು ಜೊಳ್ಳು, ಎಷ್ಟು ಹುಳ ಹಿಡಿದಿದ್ದು ಅಂತ, ಆ ಹಿಡಿಯಿಂದಲೇ ಇಡೀ ಲಾಟಿಗೆ ರೇಟು ಕಟ್ಟೋದು. ಇದೂ ಹಂಗೇ. ಒಂದೊಂದು ರೂಪಾಂತರಿಗೂ ಅದರದ್ದೇ ಮ್ಯುಟೇಶನ್ ಗುರುತುಗಳಿವೆ, ಅಂದ್ರೆ ಆ ಅಕ್ಷರಗಳಲ್ಲಿ ಆದ ಬದಲಾವಣೆ. ಓದಿದ ಚೂರುಗಳಲ್ಲಿ ಯಾವ ಗುರುತು ನೂರಕ್ಕೆ ಎಷ್ಟು ಸಲ ಕಾಣ್ತು ಅಂತ ಎಣಿಸಿ, ಯಾವ್ಯಾವ ರೂಪಾಂತರಿ ಎಷ್ಟೆಷ್ಟು ಪಾಲು ಬೆರೆತ್ರೆ ಈ ಲೆಕ್ಕ ಬರುತ್ತೆ ಅಂತ ಕಂಪ್ಯೂಟರ್ ಹಿಂದಕ್ಕೆ ಬಿಡಿಸುತ್ತೆ. ಅಮೆರಿಕದ ಸ್ಯಾನ್ ಡಿಯಾಗೋ ಕಡೆಯ ಸಂಶೋಧಕರು ಇದಕ್ಕೆ ಫ್ರೇಯಾ ಅನ್ನೋ ಸಾಫ್ಟ್‌ವೇರ್ ಬರೆದು ಎಲ್ಲರಿಗೂ ಪುಕ್ಕಟೆ ಬಿಟ್ಟಿದಾರೆ. ಅಲ್ಲಿ ಕೆಲವು ರೂಪಾಂತರಿಗಳು ಆಸ್ಪತ್ರೆ ಸ್ಯಾಂಪಲಲ್ಲಿ ಕಾಣೋದಕ್ಕಿಂತ 14 ದಿನದ ತನಕ ಮುಂಚೆ ಕೊಳಚೇಲಿ ಕಂಡವು ಅಂತ 2022ರಲ್ಲಿ ಪ್ರಕಟ ಮಾಡಿದ್ರು.

ಒಂದು ತೊಡಕು ಮಾತ್ರ ಮರೀಬೇಡ. ಚರಂಡೀಲಿ ಸಿಗೋದು ಹರಿದ ಹಾಳೆ ಚೂರು, ಪೂರ್ತಿ ಪುಸ್ತಕ ಅಲ್ಲ. ಎರಡು ಹೊಸ ಮ್ಯುಟೇಶನ್ ಎರಡು ಬೇರೆ ಚೂರಲ್ಲಿ ಸಿಕ್ರೆ ಅವು ಒಂದೇ ವೈರಸ್ಸಿಂದ ಬಂದ್ವೋ ಬೇರೆ ಬೇರೆಯಿಂದ ಬಂದ್ವೋ ಹೇಳೋಕಾಗಲ್ಲ. ಹಾಗಾಗಿ ಪೂರಾ ಹೊಸ ರೂಪಾಂತರಿಗೆ ಹೆಸರು ಇಡೋಕೆ ರೋಗಿಯ ಸ್ವ್ಯಾಬೇ ಬೇಕು, ಆ ಕೆಲಸ ನಿಲ್ಲಿಸಬಾರದು.

ಪ್ರಶ್ನೆ: ಮಳೆಗಾಲದಲ್ಲಿ ಮಳೆ ನೀರೆಲ್ಲಾ ಚರಂಡಿಗೇ ನುಗ್ಗುತ್ತೆ. ನೀರು ಜಾಸ್ತಿ ಆದ್ರೆ ವೈರಸ್ ಕಮ್ಮಿ ಅಂತ ತೋರಿಸಲ್ವಾ?
ನಿಟ್ಟುವಳ್ಳಿ

ಉತ್ತರ: ತೋರಿಸುತ್ತೆ, ಅದಕ್ಕೇ ಇನ್ನೊಂದು ವೈರಸ್ಸನ್ನ ಅಳತೆಗೆ ಇಟ್ಕೋತಾರೆ. ಮೆಣಸಿನಕಾಯಿ ಗಿಡಕ್ಕೆ ಬರೋ ಒಂದು ವೈರಸ್ ಇದೆ, ಪೆಪ್ಪರ್ ಮೈಲ್ಡ್ ಮಾಟಲ್ ವೈರಸ್ ಅಂತ. ನಾವು ತಿನ್ನೋ ಖಾರದಪುಡಿ, ಚಟ್ನಿ, ಮಂಡಕ್ಕಿ ಜೊತೆ ಕಚ್ಚೋ ಮಿರ್ಚಿ ಇದರಲ್ಲೆಲ್ಲಾ ಇರುತ್ತೆ, ನಮಗೇನೂ ಮಾಡಲ್ಲ, ಹೊಟ್ಟೆಯೊಳಗಿಂದ ಹಂಗೇ ದಾಟಿ ಹೊರಗೆ ಹೋಗುತ್ತೆ, ಮನುಷ್ಯರ ಮಲದಲ್ಲಿ ತುಂಬಾ ಹೇರಳವಾಗಿ ಸಿಗೋ ಆರ್‌ಎನ್‌ಎ ವೈರಸ್ಸುಗಳಲ್ಲಿ ಇದೂ ಒಂದು. ಮಳೆ ನೀರು ಸೇರಿದ್ರೆ ಇದೂ ತೆಳುವಾಗುತ್ತೆ ಕೊರೊನಾನೂ ತೆಳುವಾಗುತ್ತೆ, ಎರಡನ್ನೂ ಹೋಲಿಸಿದ್ರೆ ನಿಜವಾದ ಏರಿಳಿತ ಕಾಣುತ್ತೆ.

ಪ್ರಶ್ನೆ: ನಮ್ಮ ಕಡೆ ಯುಜಿಡಿ (ನೆಲದಡಿ ಒಳಚರಂಡಿ) ಲೈನೇ ಇಲ್ಲ, ಮನೆಗೆ ಸೆಪ್ಟಿಕ್ ಟ್ಯಾಂಕು, ಬಚ್ಚಲು ನೀರು ತೆರೆದ ಚರಂಡಿಗೆ. ನಮ್ಮ ಲೆಕ್ಕ ಎಲ್ಲಿಗೆ ಬರುತ್ತೆ?
ಹೆಸರು, ಬಡಾವಣೆ ಬೇಡ ಅಂದಿದ್ದಾರೆ

ಉತ್ತರ: ನೀವು ಕೇಳಿದ್ದೇ ಈ ವಿಷಯದ ನೋವಿನ ಜಾಗ. ಶುದ್ಧೀಕರಣ ಘಟಕದ ಬಾಯಲ್ಲಿ ಮಾತ್ರ ಬಾಟ್ಲಿ ಹಿಡಿದ್ರೆ ಅಲ್ಲಿಗೆ ಪೈಪ್ ಇರೋ ಮನೆಗಳ ಲೆಕ್ಕ ಮಾತ್ರ ಬರುತ್ತೆ. ಟೆಸ್ಟ್ ಮಾಡಿಸದವರನ್ನೂ ಕಾಣೋಕೆ ಅಂತ ಶುರು ಮಾಡಿದ ಕೆಲಸದಲ್ಲಿ ಪೈಪ್ ಇಲ್ಲದವರು ಕಾಣೆಯಾದ್ರೆ ಅದು ಅರ್ಧ ಕೆಲಸ. 4 ಲಕ್ಷ ಜನ ದಾಟಿರೋ ನಮ್ಮಂಥ ಊರಲ್ಲಿ ಇದನ್ನ ಮಾಡೋದಾದ್ರೆ ರಾಜಕಾಲುವೆ ಮತ್ತೆ ತೆರೆದ ಚರಂಡಿಗಳು ಕೂಡೋ ಜಾಗದಲ್ಲೂ ಸ್ಯಾಂಪಲ್ ತಗೋಬೇಕು. ಅಲ್ಲಿ ಬಿಸಿಲು, ದನದ ಸಗಣಿ, ಸೋಪಿನ ನೀರು ಎಲ್ಲಾ ಸೇರಿ ಕೆಲಸ ಕಷ್ಟ ನಿಜ. ಎಷ್ಟು ಜನರ ನೀರು ಅಲ್ಲಿಗೆ ಬರುತ್ತೆ ಅಂತ ಲೆಕ್ಕ ಹಾಕೋದೂ ಕಷ್ಟ. ಆದ್ರೆ ವಾರವಾರ ಒಂದೇ ಜಾಗದಲ್ಲಿ ಒಂದೇ ಹೊತ್ತಿಗೆ ತಗೊಂಡ್ರೆ ಏರ್ತಿದೆಯಾ ಇಳೀತಿದೆಯಾ ಅನ್ನೋದಾದ್ರೂ ತಿಳಿಯುತ್ತೆ. ಸೆಪ್ಟಿಕ್ ಟ್ಯಾಂಕ್ ಖಾಲಿ ಮಾಡೋ ಗಾಡಿಗಳು ಒಂದು ಕಡೆ ಸುರಿಯೋ ಹಾಗಿದ್ರೆ ಅಲ್ಲೂ ತಗೋಬಹುದು. ಸ್ಯಾಂಪಲ್ ತೆಗೆಯೋಕೆ ಯಾರನ್ನೂ ಮ್ಯಾನ್‌ಹೋಲಿಗೆ ಇಳಿಸಬಾರದು, ಮನುಷ್ಯರನ್ನ ಚರಂಡಿಗೆ ಇಳಿಸಿ ಮಲ ಬಾಚಿಸೋದನ್ನ ನಿಷೇಧಿಸೋ 2013ರ ಕಾಯ್ದೆ ಇದೆ, ಕಾಯ್ದೆ ಇಲ್ಲದಿದ್ರೂ ಇಳಿಸಬಾರದು. ಹಗ್ಗ ಕಟ್ಟಿದ ಡಬ್ಬಿ ಸಾಕು, ಗ್ಲೌಸು ಮಾಸ್ಕು ಬೂಟು ಕೊಡ್ಲಿ.

ಪ್ರಶ್ನೆ: ಹಾಸ್ಟೆಲ್ ಹುಡುಗಿಯರು ನಾವು. ನಮ್ಮ ಹಾಸ್ಟೆಲ್ ಚರಂಡಿ ಟೆಸ್ಟ್ ಮಾಡಿ ನಮ್ಮನ್ನ ಕೂಡಿಹಾಕಿದ್ರೆ?

ಉತ್ತರ: ಊರಿನ ದೊಡ್ಡ ಘಟಕದ ನೀರಿಂದ ಇಂಥ ಮನೆಯವರು ಅಂತ ಹೇಳೋಕೆ ಸಾಧ್ಯವೇ ಇಲ್ಲ, ಇಷ್ಟೇ ಜನಕ್ಕೆ ಸೋಂಕು ಅಂತ ಎಣಿಸೋಕೂ ಆಗಲ್ಲ. ಆದ್ರೆ ಒಂದೇ ಕಟ್ಟಡದ ಪೈಪ್ ಅಂದ್ರೆ ಮಾತು ಬೇರೆ. 2020ರ ಆಗಸ್ಟಲ್ಲಿ ಅಮೆರಿಕದ ಅರಿಜೋನಾ ವಿಶ್ವವಿದ್ಯಾಲಯದ ಒಂದು ಹಾಸ್ಟೆಲಿನ ಕೊಳಚೇಲಿ ವೈರಸ್ ಸಿಕ್ಕಿ 311 ಜನರನ್ನ ಟೆಸ್ಟ್ ಮಾಡಿದ್ರು, ಲಕ್ಷಣ ಇಲ್ಲದ 2 ಜನ ಸಿಕ್ರು, ಅವರನ್ನ ಬೇರೆ ಇಟ್ರು. ಅಲ್ಲಿ ಅದು ಒಳ್ಳೇದೇ ಆಯ್ತು. ಆದ್ರೆ 2020ರಲ್ಲಿ ನಮ್ಮ ಬೀದಿಗಳಿಗೆ ತಗಡು ಹೊಡೆದಾಗ ಆ ಬೀದಿಯವರಿಗೆ ಕೆಲಸ ಕೊಡೋಕೂ ಜನ ಹಿಂಜರಿದಿದ್ದು ನಾನು ಕಣ್ಣಾರೆ ನೋಡಿದೀನಿ, ಅದಕ್ಕೇ ಹೇಳ್ತೀನಿ, ಓಣಿ ಹೆಸರು, ಹಾಸ್ಟೆಲ್ ಹೆಸರು ಪೇಪರಿಗೆ ಕೊಡಬಾರದು. ನಿಮ್ಮ ಹಾಸ್ಟೆಲಲ್ಲಿ ಮಾಡೋದಾದ್ರೆ ನಿಮಗೆ ಮೊದಲೇ ಹೇಳಿ, ಪಾಸಿಟಿವ್ ಬಂದ್ರೆ ಊಟ ಔಷಧಿ ಯಾರು ಕೊಡ್ತಾರೆ ಅಂತಾನೂ ಹೇಳಿ ಆಮೇಲೆ ಮಾಡ್ಲಿ. ನೀವು ಇದನ್ನ ಕೇಳಿ ಪಡೀಬೇಕು.

ಪ್ರಶ್ನೆ: ಚರಂಡಿ ನೀರಿಂದ ಕೊರೊನಾ ಹತ್ತುತ್ತಾ?
ವಿನೋಬನಗರ

ಉತ್ತರ: ಇದು ಮುಖ್ಯವಾಗಿ ಉಸಿರಿಂದ, ಗಾಳಿಯಿಂದ ಹರಡೋದು. ಚರಂಡೀಲಿ ಸಿಗೋದು ಬಹುಪಾಲು ಸತ್ತ ಚೂರು. ಹಂಗಂತ ಕೈ ತೊಳೆಯೋದು ಬಿಡಬೇಡಿ, ಟೈಫಾಯ್ಡು, ಕಾಮಾಲೆ, ವಾಂತಿಭೇದಿ ಅದೇ ನೀರಿಂದ ಬರ್ತವೆ.

ಪ್ರಶ್ನೆ: 2023ರಲ್ಲಿ ನಮ್ಮ ಕವಾಡಿಗರಹಟ್ಟೀಲಿ ಕೆಟ್ಟ ನೀರು ಕುಡಿದು ಜನ ಸತ್ರು. ಈ ಚರಂಡಿ ಟೆಸ್ಟ್ ಇದ್ದಿದ್ರೆ ಉಳೀತಿದ್ರಾ?
ಚಿತ್ರದುರ್ಗ

ಉತ್ತರ: ಇದನ್ನ ಓದಿ ತುಂಬಾ ಹೊತ್ತು ಸುಮ್ನೆ ಕೂತೆ. ಉಳೀತಿದ್ರು ಅಂತ ನಾನು ಹೇಳಲ್ಲ. ಚರಂಡಿ ಟೆಸ್ಟು ಊರಲ್ಲಿ ನಿಧಾನ ಹಬ್ಬೋ ರೋಗವನ್ನ ಹಿಡಿಯೋಕೆ, ಲ್ಯಾಬ್ ರಿಪೋರ್ಟ್ ಬರೋಕೆ ದಿನಗಳು ಬೇಕು. ಕುಡಿಯೋ ನೀರಿನ ಪೈಪಿಗೆ ಹೊಲಸು ಸೇರಿದ್ರೆ ಕಾಲರಾ ಥರದ್ದು ಕೆಲವು ಗಂಟೆಯಿಂದ ಐದು ದಿನದೊಳಗೆ ಮನುಷ್ಯನ್ನ ಮಲಗಿಸುತ್ತೆ, ಚರಂಡೀಲಿ ಕಾಣೋ ಹೊತ್ತಿಗೆ ಆಸ್ಪತ್ರೆ ತುಂಬಿರುತ್ತೆ. ಅದಕ್ಕೆ ಬೇಕಾಗಿರೋ ಟೆಸ್ಟ್ ನಲ್ಲಿ ಹತ್ರಾನೇ ಇದೆ, ಕ್ಲೋರೋಸ್ಕೋಪ್ ಅಂತ ಸಣ್ಣ ಡಬ್ಬಿ. ನಲ್ಲಿ ನೀರು ಹಿಡಿದು ಔಷಧಿ ಹನಿ ಹಾಕಿದ್ರೆ ಕ್ಲೋರಿನ್ ಇದ್ರೆ ಹಳದಿ ತಿರುಗುತ್ತೆ, ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿದಿರಬೇಕು ಅಂತ ನಿಯಮ. ಬಣ್ಣ ಬರ್ಲಿಲ್ಲ ಅಂದ್ರೆ ಆ ನೀರಲ್ಲಿ ಕ್ಲೋರಿನ್ ಉಳಿದಿಲ್ಲ ಅಂತ, ಕುದಿಸದೆ ಕುಡೀಬೇಡಿ. ನಿಮ್ಮ ಓಣೀಲಿ ಟ್ಯಾಂಕಿಗೆ ಹತ್ತಿರದ ಮನೆಯಲ್ಲಿ ಅಲ್ಲ, ಪೈಪ್ ಕೊನೆಯಾಗೋ ಮನೆಯ ನಲ್ಲೀಲಿ ಇದನ್ನ ಮಾಡಿಸಿ, ದಿನಾ ಮಾಡಿಸಿ, ಬರೆದಿಟ್ಟ ಪುಸ್ತಕ ತೋರ್ಸಿ ಅಂತ ಕೇಳಿ.